ನೀರಿಗೆ ಬರ ಗೊತ್ತು, ಬಿಸಿಲಿಗೂ ಬರವಾ? ತುಮಕೂರಲ್ಲಿದ್ದೂ ನನ್ನ ವಿಟಮಿನ್ ಡಿ ಬರೀ 9!

ಪಾಸ್ ಪ್ಯಾಸೆಂಜರ್ (ತುಮಕೂರು) · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಗೆ ಬರೋದೇ ರೈಲು ಲೇಟಾದಾಗ ಬಯ್ಯೋಕೆ. ಇವತ್ತು ಬೇರೆ ವಿಷಯ.

ಆರು ತಿಂಗಳಿಂದ ತೊಡೆ, ಸೊಂಟ ನೋಯುತ್ತಿದೆ. ಯಶವಂತಪುರದಲ್ಲಿ ಇಳಿದು ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಲೇಬೇಕು. ನೆಲದ ಮೇಲೆ ಕೂತರೆ ಏಳೋಕೆ ಕೈ ಊರಬೇಕು. ನನಗೆ 36 ವರ್ಷ, 63 ಅಲ್ಲ. ಮೊನ್ನೆ ಹಬ್ಬದ ದಿನ ರಂಗೋಲಿ ಹಾಕಿ ಎದ್ದೇಳಲಾಗದೆ ಮಗಳನ್ನು ಕೂಗಿದೆ. ಅವಳು ನಕ್ಕಳು. ನನಗೆ ಅಳು ಬಂತು.

ಡಾಕ್ಟರ್ ರಕ್ತ ಪರೀಕ್ಷೆ ಬರೆದರು. ವಿಟಮಿನ್ ಡಿ 9 ಅಂತ ಬಂತು (ಒಂದು ಎಂಎಲ್ ರಕ್ತಕ್ಕೆ ಇಷ್ಟು ನ್ಯಾನೊಗ್ರಾಂ ಅನ್ನೋ ಲೆಕ್ಕ). 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ರಿಪೋರ್ಟಿನಲ್ಲೇ ದಪ್ಪಕ್ಷರದಲ್ಲಿ ಇದೆ. ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್ಟಿನ ಪುಡಿ ಪೊಟ್ಟಣ ತಗೊಳ್ಳಿ ಅಂದಿದ್ದಾರೆ.

ನನಗೆ ಅರ್ಥವಾಗದೇ ಇರೋದು ಒಂದೇ. ನಮ್ಮೂರಲ್ಲಿ ಮಳೆ ಇಲ್ಲ, ನೀರಿಲ್ಲ, ಬಿಸಿಲೊಂದು ಬೇಕಾದಷ್ಟಿದೆ. ಅದರಿಂದ ಬರೋ ವಿಟಮಿನ್ನೇ ಇಲ್ಲ ಅಂದರೆ ಹೇಗೆ? ಇದು ನಿಜವಾದ ತೊಂದರೆಯಾ ಅಥವಾ ಲ್ಯಾಬಿನವರ ವ್ಯಾಪಾರವಾ? ಪಾವಗಡ ತಾಲೂಕಿನ ಹಳ್ಳಿಯಲ್ಲಿರೋ ನಮ್ಮಮ್ಮನಿಗೂ ಮಂಡಿ, ಬೆನ್ನು ನೋವು. "ನಂಗೂ ಆ ಪುಡಿ ತಂದ್ಕೊಡು" ಅಂತ ಹಠ ಹಿಡಿದಿದ್ದಾರೆ. ಕೊಡಬಹುದಾ?

ಪಾವಗಡ ಬಿಸಿಲು

ಅಕ್ಕಾ, ನಮ್ಮ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆ ಹಾಸಿದ್ದಾರೆ. 2,050 ಮೆಗಾವ್ಯಾಟ್ ಕರೆಂಟು. ಹಲಗೆಗೆ ಸಿಕ್ಕಿದ್ದು ನಿಮಗೆ ಯಾಕೆ ಸಿಗಲಿಲ್ಲ ಗೊತ್ತಾ? ಹಲಗೆ ದಿನವಿಡೀ ಬಿಸಿಲಲ್ಲಿರುತ್ತೆ. ನೀವಿರಲ್ಲ.

ಪಾಸ್ ಪ್ಯಾಸೆಂಜರ್

ಹಾಗೇನಿಲ್ಲ ತಮ್ಮಾ. ಬೆಳಗ್ಗೆ ರೈಲಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ದಾಬಸ್‌ಪೇಟೆ ದಾಟೋವರೆಗೂ ಮುಖದ ಮೇಲೆ ಬಿಸಿಲು. ಆಫೀಸಲ್ಲೂ ನನ್ನ ಟೇಬಲ್ ಗಾಜಿನ ಗೋಡೆ ಪಕ್ಕದಲ್ಲೇ ಇದೆ. ಮಧ್ಯಾಹ್ನ ಪರದೆ ಎಳೆದುಕೊಂಡು ಕೂರಬೇಕು, ಅಷ್ಟು ಬಿಸಿಲು.

ಹಳೇ ಸ್ಟೆತಸ್ಕೋಪ್ (ನಿವೃತ್ತ ವೈದ್ಯ, ಕೋಲಾರ)

ನಿಮ್ಮ ಮಾತಲ್ಲೇ ಉತ್ತರ ಇದೆ ತಾಯಿ.

ಬಿಸಿಲಲ್ಲಿ ನಮಗೆ ಕಾಣದ ಒಂದು ಕಿರಣ ಇದೆ, ಅಲ್ಟ್ರಾವಯೊಲೆಟ್ ಬಿ. ಅದು ಚರ್ಮದ ಮೇಲೆ ಬಿದ್ದರೆ ಅಲ್ಲಿರೋ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ವಿಟಮಿನ್ ಡಿ3 ಆಗುತ್ತೆ. ಈ ಕಿರಣ ಕಿಟಕಿ ಗಾಜನ್ನು ದಾಟಲ್ಲ. ನಿಮ್ಮ ಆಫೀಸಿನ ಗಾಜಿನಿಂದ ಬರೋದು ಸೆಕೆ ಮತ್ತು ಬೆಳಕು, ಅಷ್ಟೇ. ಇನ್ನು ರೈಲಿನ ಬಿಸಿಲು. ಬೆಳಗ್ಗೆ ಏಳು ಗಂಟೆಗೆ ಸೂರ್ಯ ಓರೆಯಾಗಿ ಇರುತ್ತಾನೆ. ಆ ಕಿರಣ ಗಾಳಿಯಲ್ಲಿ ತುಂಬಾ ದೂರ ಹಾದು ಬರಬೇಕು, ದಾರಿಯಲ್ಲೇ ಸೋರಿಹೋಗುತ್ತೆ. ಮುಖ ಬೆಚ್ಚಗಾಗುತ್ತೆ, ವಿಟಮಿನ್ ಆಗಲ್ಲ.

ಇದು ವ್ಯಾಪಾರವಾ ಅಂದಿರಿ. ನಿಮ್ಮ ವಿಷಯದಲ್ಲಿ ಅಲ್ಲ. ನೆಲದಿಂದ ಏಳೋಕೆ ಕೈ ಊರೋದು, ಮೆಟ್ಟಿಲು ಹತ್ತೋಕೆ ಕಂಬಿ ಹಿಡಿಯೋದು, ತೊಡೆ ಸೊಂಟದ ಸ್ನಾಯು ಸೋಲೋದು, ಇವೆಲ್ಲ ಡಿ ಕೊರತೆ ಜಾಸ್ತಿ ಆದವರು ಹೇಳೋ ಮಾತುಗಳೇ. ಚರ್ಮದಲ್ಲಿ ಆದ ಡಿ ಲಿವರಿಗೆ ಹೋಗಿ ಒಂದು ರೂಪಕ್ಕೆ ಬರುತ್ತೆ. ಲ್ಯಾಬಿನವರು ಅಳೆಯೋದು ಅದನ್ನೇ. ಆಮೇಲೆ ಕಿಡ್ನಿಯಲ್ಲಿ ಕೆಲಸ ಮಾಡೋ ರೂಪ ಪಡೆಯುತ್ತೆ. ಅದರ ಮುಖ್ಯ ಕೆಲಸ ಅಂದರೆ ಊಟದಲ್ಲಿರೋ ಕ್ಯಾಲ್ಸಿಯಂ ಅನ್ನು ಕರುಳಿನಿಂದ ರಕ್ತಕ್ಕೆ ಎಳೆಯೋದು. ಡಿ ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30ರಿಂದ 40 ಭಾಗ ಒಳಗೆ ಬರುತ್ತೆ. ಇಲ್ಲದಿದ್ದರೆ 10ರಿಂದ 15. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ದೇಹ ಸುಮ್ಮನಿರಲ್ಲ, ಮೂಳೆಯಿಂದ ಕಿತ್ತು ರಕ್ತಕ್ಕೆ ಹಾಕುತ್ತೆ. ಹೊಸದಾಗಿ ಕಟ್ಟಿದ ಮೂಳೆಯೂ ಗಟ್ಟಿಯಾಗಲ್ಲ. ತಾರಸಿಗೆ ಮೋಲ್ಡ್ ಹಾಕಿ ನೀರು ಬಿಡದೇ ಇದ್ದ ಹಾಗೆ.

ಪುಡಿ ತಗೊಳ್ಳಿ. ವಾರಕ್ಕೆ ಒಂದೇ. ಹಾಲಿನ ಜೊತೆ ಅಥವಾ ಊಟ ಆದ ಮೇಲೆ, ಅದು ಜಿಡ್ಡಿನಲ್ಲಿ ಕರಗೋ ವಿಟಮಿನ್. ಅಮ್ಮನಿಗೆ ಸದ್ಯಕ್ಕೆ ಕೊಡಬೇಡಿ. ಪಾವಗಡ ಅಂದಿರಲ್ಲ, ಅದಕ್ಕೇ ಒಂದು ಕಾರಣ ಇದೆ. ಆಮೇಲೆ ಬರೆಯುತ್ತೇನೆ.

ಮುಳಬಾಗಿಲು ದೋಸೆ

ನಾನು ಒಪ್ಪಲ್ಲ. ನಮ್ಮ ತಾತ ಹೆಸರೂ ಕೇಳಿರಲಿಲ್ಲ ಈ ವಿಟಮಿನ್ನು. ದಿನಕ್ಕೆರಡು ಮುದ್ದೆ, ಸೊಪ್ಪಿನ ಸಾರು. 84ರಲ್ಲೂ ಹುಣಸೆ ಮರ ಹತ್ತುತ್ತಿದ್ದರು. ರಾಗಿ ಬಿಟ್ಟು ನೂಡಲ್ಸ್ ತಿಂದರೆ ಮೂಳೆ ಕರಗದೆ ಇರುತ್ತಾ?

ಟೊಮೆಟೊ ಮಂಡಿ (ಕೋಲಾರ)

ನಿಮ್ಮ ತಾತ ಮುದ್ದೆ ತಿಂದು ಎಲ್ಲಿಗೆ ಹೋಗುತ್ತಿದ್ದರು? ಹೊಲಕ್ಕೆ. ನಾವು ಮುದ್ದೆ ತಿಂದು ಎಲ್ಲಿಗೆ ಹೋಗುತ್ತೇವೆ? ನರಸಾಪುರದ ಫ್ಯಾಕ್ಟರಿ ಒಳಗೆ. ಮೈ ಮೇಲೆ ಅಂಗಿಯೂ ಇಲ್ಲದೆ ನೇಗಿಲು ಹೊಡೆದವರು ಅವರು.

ಹಳೇ ಸ್ಟೆತಸ್ಕೋಪ್

ಮಂಡಿಯವರು ಸರಿಯಾಗಿ ಹೇಳಿದರು. ರಾಗಿಯನ್ನು ಯಾರೂ ಬೈಯುತ್ತಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರ ಸುಳಿಯಲ್ಲ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಲಾರಿ ತುಂಬ ಟೊಮೆಟೊ ಮಂಡಿ ಬಾಗಿಲಿಗೆ ಬಂದು ನಿಂತಿದೆ, ಇಳಿಸೋ ಹಮಾಲಿಗಳೇ ಬಂದಿಲ್ಲ ಅಂದುಕೊಳ್ಳಿ. ಮುದ್ದೆ ಲೋಡು. ಡಿ ಹಮಾಲಿ.

ಟೊಮೆಟೊ ಮಂಡಿ

ಹಮಾಲಿ ಬರದಿದ್ದರೆ ಏನಾಗುತ್ತೆ ಅಂತ ನನಗೆ ಹೇಳಿಕೊಡಬೇಕಾ ಸಾರ್ 😄 ಸಂಜೆ ಹೊತ್ತಿಗೆ ರಸ ಸೋರುತ್ತೆ.

ನಂದಿಬೆಟ್ಟದ ಮಂಜು (ಚಿಕ್ಕಬಳ್ಳಾಪುರ)

ನನಗೊಂದು ಗೊಂದಲ. ನಮ್ಮತ್ತೆ ಮಗುವಿಗೆ ಎಣ್ಣೆ ಹಚ್ಚಿ ಬೆಳಗ್ಗೆ ಏಳೂವರೆಗೆ ಎಳೆ ಬಿಸಿಲಿಗೆ ಹಿಡಿಯುತ್ತಾರೆ. "ಎಳೆ ಬಿಸ್ಲು ಅಮೃತ, ಮಟಮಟ ಮಧ್ಯಾಹ್ನದ್ದು ವಿಷ" ಅಂತಾರೆ. ರಥಸಪ್ತಮಿಗೆ ಸೂರ್ಯನಮಸ್ಕಾರ ಮಾಡೋದೂ ಬೆಳಗ್ಗೆಯೇ ತಾನೇ? ಅಷ್ಟು ದಿನದಿಂದ ಬಂದದ್ದು ಸುಳ್ಳಾ?

ಲೆಕ್ಕದ ಮೇಷ್ಟ್ರು (ಚಿಂತಾಮಣಿ)

ಸುಳ್ಳು ನಿಜ ಅನ್ನೋದಕ್ಕಿಂತ ನೆರಳು ನೋಡಿ. ನಾನು ಮಕ್ಕಳಿಗೆ ಹೇಳಿಕೊಡೋದು ಇಷ್ಟೇ. ನೆರಳು ನಿಮಗಿಂತ ಉದ್ದ ಇದ್ದರೆ ಡಿ ಅಷ್ಟಕ್ಕಷ್ಟೇ. ನೆರಳು ನಿಮಗಿಂತ ಗಿಡ್ಡ ಆದಾಗ ಡಿ ತಯಾರಾಗುತ್ತೆ. ಬೆಳಗ್ಗೆ ಏಳೂವರೆಗೆ ಮಗುವಿನ ನೆರಳು ಅಂಗಳದ ಆ ತುದಿ ಮುಟ್ಟಿರುತ್ತೆ.

ನಮ್ಮ ಪುಣ್ಯ ಏನು ಗೊತ್ತಾ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆ ವಾರ ಮತ್ತು ಆಗಸ್ಟ್ ಮೂರನೇ ವಾರ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಕಂಬಕ್ಕೆ ನೆರಳೇ ಇರಲ್ಲ. ಡಿಸೆಂಬರ್ ಚಳಿಯಲ್ಲೂ ನಡುಮಧ್ಯಾಹ್ನ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆರಡಿ ಮನುಷ್ಯನ ನೆರಳು ನಾಲ್ಕೂವರೆ ಅಡಿ. ಅಂದರೆ ವರ್ಷದ ಯಾವ ತಿಂಗಳಲ್ಲೂ ನಮಗೆ ಡಿ ಸಿಗದ ಮಧ್ಯಾಹ್ನ ಇಲ್ಲ, ಮೋಡ ಒಂದು ಕವಿಯಬಾರದು. ಲಂಡನ್ನಿನವರಿಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಇದು ಸಿಗಲ್ಲ.

ಈ ಅಕ್ಷಾಂಶದಲ್ಲೇ ಇರೋ ತಿರುಪತಿಯಲ್ಲಿ ಇದನ್ನು ಅಳೆದೂ ನೋಡಿದ್ದಾರೆ. ಚರ್ಮದಲ್ಲಿರೋ ಆ ಮೂಲವಸ್ತುವನ್ನು ಗಾಜಿನ ಸಣ್ಣ ಸೀಸೆಗಳಲ್ಲಿ ಹಾಕಿ ಬಿಸಿಲಿಗಿಟ್ಟರು. ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ಒಳಗೆ ಅತಿ ಜಾಸ್ತಿ ಆಯಿತು. (ಕಿಟಕಿ ಗಾಜು ಬೇಡ ಅಂದು ಈಗ ಗಾಜಿನ ಸೀಸೆ ಅಂದರೆ ಯಾರಾದರೂ ಕೇಳುತ್ತೀರಿ. ಅದು ಈ ಕಿರಣವನ್ನು ಬಿಡೋ ಬೇರೆ ಗಾಜು.)

ನಂದಿಬೆಟ್ಟದ ಮಂಜು

ಹಾಗಾದರೆ ಮಗುವನ್ನು ಹನ್ನೆರಡು ಗಂಟೆಗೆ ಬಿಸಿಲಿಗೆ ಹಿಡಿಯಬೇಕಾ? ಅತ್ತೆ ನನ್ನನ್ನೇ ಬಿಸಿಲಿಗೆ ಹಾಕುತ್ತಾರೆ.

ಹಳೇ ಸ್ಟೆತಸ್ಕೋಪ್

ಬೇಡಮ್ಮ, ಎಳೆ ಮಗುವಿನ ಚರ್ಮ ತಡೆಯಲ್ಲ. ಎದೆಹಾಲಿನಲ್ಲಿ ಎಲ್ಲಾ ಇದೆ, ಡಿ ಮಾತ್ರ ಬಹಳ ಕಡಿಮೆ. ಅದಕ್ಕೇ ಮಕ್ಕಳ ಡಾಕ್ಟರುಗಳು ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿ ಹಾಕಿಸುತ್ತಾರೆ. ಹನಿ ಹಾಕಿ. ಎಣ್ಣೆ ಸ್ನಾನ, ಎಳೆ ಬಿಸಿಲು ಅತ್ತೆಯ ಖುಷಿಗೆ ಇರಲಿ, ಮಗುವಿಗೂ ಹಿತ. ಹನಿ ಹಾಕೋ ಮೊದಲು ಸೀಸೆ ಮೇಲೆ ಒಂದು ಎಂಎಲ್‌ಗೆ ಎಷ್ಟು ಯೂನಿಟ್ ಅಂತ ಓದಿ. ಒಂದೊಂದು ಕಂಪನಿದು ಒಂದೊಂದು ಥರ ಇರುತ್ತೆ, ಅಲ್ಲೇ ಎಡವೋದು.

ದೊಡ್ಡವರಿಗೆ ನಮ್ಮ ಮೈಬಣ್ಣಕ್ಕೆ ಮುಖ, ತೋಳು, ಕಾಲು ಬಿಟ್ಟುಕೊಂಡು ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಬಿಳಿಯರ ಹತ್ತು ನಿಮಿಷದ ಲೆಕ್ಕ ನಮಗೆ ನಡೆಯಲ್ಲ, ನಮ್ಮ ಚರ್ಮದ ಬಣ್ಣವೇ ಕೊಡೆ ಹಿಡಿದಿರುತ್ತೆ. ಚರ್ಮ ಉರಿಯೋವರೆಗೆ ನಿಲ್ಲೋದೂ ಬೇಡ. ಒಂದು ಹಂತ ಆದ ಮೇಲೆ ಚರ್ಮ ತಾನೇ ಕೈ ನಿಲ್ಲಿಸುತ್ತೆ, ಜಾಸ್ತಿ ಆದದ್ದನ್ನು ಕೆಲಸಕ್ಕೆ ಬಾರದ ವಸ್ತು ಮಾಡಿಬಿಡುತ್ತೆ. ಬಿಸಿಲಿನಿಂದ ಡಿ ವಿಷ ಆದವರು ಇಲ್ಲ. ಪುಡಿಯಿಂದ ಆದವರು ಇದ್ದಾರೆ.

ಶಿಡ್ಲಘಟ್ಟ ಚರಕ

ನಾನು ಹೆಂಗಸು, ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ "ಬಿಸಿಲಿಗೆ ಹೋಗಿ" ಅನ್ನೋದು ಸುಲಭ. ನಮ್ಮದು ರೇಷ್ಮೆ ನೂಲು ತೆಗೆಯೋ ರೀಲಿಂಗ್ ಮನೆ. ಬೆಳಗ್ಗೆ ಐದಕ್ಕೆ ಗೂಡು ಬೇಯಿಸೋಕೆ ಇಟ್ಟರೆ ಚರಕ ನಿಲ್ಲೋದು ಸಂಜೆಗೆ. ಹಬೆ, ಹೊಗೆ, ಕತ್ತಲೆ. ಹೊರಗೆ ಹೋದರೆ ಬುರ್ಖಾ. ನನ್ನದು 7 ಬಂದಿತ್ತು. ನಾದಿನಿಯದು 6. ಅವಳು ಬಸುರಿ.

ಯಾರೂ ನಮಗೆ ಹೇಳಿರಲಿಲ್ಲ. ಕೈಕಾಲು ಸೆಳೆತ ಅಂದರೆ "ಕೆಲಸ ಜಾಸ್ತಿ ಅಲ್ವಾ" ಅಂತ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಎರಡು ವರ್ಷ ಹಾಗೇ ಹೋಯಿತು.

ಈಗ ಏನು ಮಾಡುತ್ತೇವೆ ಅಂದರೆ, ಹನ್ನೆರಡು ಗಂಟೆಗೆ ಮಹಡಿ ಬಾಗಿಲು ಹಾಕಿಕೊಂಡು ನಾವು ಹೆಂಗಸರೇ ಮೇಲೆ ಕೂರುತ್ತೇವೆ. ಸುತ್ತ ಹಳೇ ಸೀರೆ ಕಟ್ಟಿದ್ದೇವೆ. ತಲೆಗೆ ನೆರಳು, ಕೈಕಾಲಿಗೆ ಬಿಸಿಲು. ಸೊಪ್ಪು ಬಿಡಿಸೋದು, ಬೆಳ್ಳುಳ್ಳಿ ಸುಲಿಯೋದು ಅಲ್ಲೇ. ಡಾಕ್ಟರಮ್ಮ ಪುಡಿಯನ್ನೂ ಕೊಟ್ಟರು. ಬಿಸಿಲೊಂದರಿಂದಲೇ 7 ಇದ್ದದ್ದು ಬೇಗ ಏರಲ್ಲ ಅಂದರು.

ಪಾಸ್ ಪ್ಯಾಸೆಂಜರ್

ಅಕ್ಕಾ, ನಿಮ್ಮ ಮಹಡಿಗೆ ನನ್ನನ್ನೂ ಕರೆಯಿರಿ. ಎರಡು ವರ್ಷ ಅಂತ ಓದಿ ಹೊಟ್ಟೆ ಉರಿಯಿತು.

ಕೆಜಿಎಫ್ ಮೊಮ್ಮಗ

ಬಿಸಿಲು ಕಾಣದ ಕೆಲಸ ಅಂದರೆ ನಮ್ಮ ತಾತನದು. ಗಣಿಯಲ್ಲಿದ್ದರು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ. ಕತ್ತಲಲ್ಲಿ ಇಳಿದವರು ಮೇಲೆ ಬಂದಾಗ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದರಂತೆ. ರಜೆ ದಿನ ಚಾಪೆ ಹಾಕಿಕೊಂಡು ಬರೀ ಮೈಯಲ್ಲಿ ಮನೆ ಮುಂದೆ ಮಲಗುತ್ತಿದ್ದರು. ಅಜ್ಜಿ ಬಯ್ಯುತ್ತಿದ್ದರು, "ಹೊಸಲಲ್ಲೇ ಮಲ್ಗವ್ನೆ ನೋಡು" ಅಂತ. 2001ರಲ್ಲಿ ಗಣಿ ಮುಚ್ಚಿತು. ತಾತನಿಗೆ ವಿಟಮಿನ್ ಗೊತ್ತಿರಲಿಲ್ಲ, ಮೈಗೆ ಏನು ಬೇಕು ಅಂತ ಗೊತ್ತಿತ್ತು.

ಇದರ ಹಿಂದಿನ ಕಥೆ ಓದಿದ್ದೆ. ನೂರು ವರ್ಷದ ಹಿಂದೆ ಯುರೋಪಿನ ಹೊಗೆ ತುಂಬಿದ ಊರುಗಳಲ್ಲಿ ಮಕ್ಕಳಿಗೆ ಕಾಲು ಬಿಲ್ಲಿನ ಹಾಗೆ ಬಾಗುತ್ತಿತ್ತು, ರಿಕೆಟ್ಸ್. 1919ರಲ್ಲಿ ಬರ್ಲಿನ್‌ನಲ್ಲಿ ಹುಲ್ಡ್‌ಶಿನ್ಸ್ಕಿ ಅನ್ನೋ ಡಾಕ್ಟರು ಅಂಥ ಮಕ್ಕಳನ್ನು ಅಲ್ಟ್ರಾವಯೊಲೆಟ್ ದೀಪದ ಕೆಳಗೆ ಕೂರಿಸಿ ವಾಸಿ ಮಾಡಿದರು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮೆಲನ್‌ಬಿ ನಾಯಿಮರಿಗಳಿಗೆ ಕಾಡ್ ಮೀನಿನ ಲಿವರ್ ಎಣ್ಣೆ ಕುಡಿಸಿ ಅದೇ ರೋಗ ತಡೆದರು. ಒಬ್ಬರು ಬೆಳಕು ಅಂದರು, ಇನ್ನೊಬ್ಬರು ಎಣ್ಣೆ ಅಂದರು. ಇಬ್ಬರೂ ಸರಿ. ಅಮೆರಿಕದ ಮೆಕಾಲಮ್ 1922ರಲ್ಲಿ ಆ ಎಣ್ಣೆಯಲ್ಲಿದ್ದದ್ದಕ್ಕೆ ಡಿ ಅಂತ ಹೆಸರಿಟ್ಟರು. ಎ, ಬಿ, ಸಿ ಆಗಲೇ ಖರ್ಚಾಗಿತ್ತು.

ಮುಳಬಾಗಿಲು ದೋಸೆ

ಸರಿ, ಬಿಸಿಲು ಒಪ್ಪಿದೆ. ಊಟದಲ್ಲಿ ಎಲ್ಲೂ ಸಿಗಲ್ವಾ? ಮೊಟ್ಟೆ?

ಲೆಕ್ಕದ ಮೇಷ್ಟ್ರು

ಒಂದು ಮೊಟ್ಟೆಯ ಹಳದಿ ಭಾಗದಲ್ಲಿ ಸುಮಾರು 40 ಯೂನಿಟ್. ದಿನಕ್ಕೆ 600 ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ಭಾಗಿಸಿ. ಹದಿನೈದು ಮೊಟ್ಟೆ. ಬಂಗುಡೆ, ಭೂತಾಯಿ ಥರದ ಕೊಬ್ಬಿನ ಮೀನಲ್ಲಿ ಚೆನ್ನಾಗಿದೆ, ಆದರೆ ನಮ್ಮ ಕೆರೆ ಮೀನಿನ ಊರಿಗೆ ಅದು ಅಪರೂಪ. ನೀಲಿ ಬಣ್ಣದ +ಎಫ್ ಗುರುತು ಇರೋ ಹಾಲು, ಎಣ್ಣೆಗೆ ಡಿ ಸೇರಿಸಿರುತ್ತಾರೆ. ಆ ಹಾಲಿನಲ್ಲೂ ಲೀಟರಿಗೆ 200ರಿಂದ 300 ಯೂನಿಟ್ ಅಷ್ಟೇ. ಅಣಬೆ ಹೆಚ್ಚಿ ಮಧ್ಯಾಹ್ನದ ಬಿಸಿಲಿಗಿಟ್ಟರೆ ಅದರಲ್ಲೂ ಡಿ2 ಅನ್ನೋ ಇನ್ನೊಂದು ರೂಪದ ಡಿ ಹುಟ್ಟುತ್ತೆ.

ಪಾವಗಡ ಬಿಸಿಲು

ಅಣಬೆಯನ್ನು ಬಿಸಿಲಿಗೆ ಇಟ್ಟು ಕಾಯೋ ಹೊತ್ತಿಗೆ ನೀವೇ ಪಕ್ಕದಲ್ಲಿ ಕೂತರೆ ಮುಗಿಯಲಿಲ್ವಾ ಮೇಷ್ಟ್ರೇ.

ಟೊಮೆಟೊ ಮಂಡಿ

ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ವಾಟ್ಸಾಪಲ್ಲಿ ದಿನಾ ಬರುತ್ತೆ. ಡಿ ಇದ್ದರೆ ಹಾರ್ಟ್ ಅಟ್ಯಾಕ್ ಇಲ್ಲ, ಕ್ಯಾನ್ಸರ್ ಇಲ್ಲ, ಶುಗರ್ ಇಲ್ಲ, ಕೂದಲು ಉದುರಲ್ಲ. ನಮ್ಮ ಭಾವಮೈದ ಆರೋಗ್ಯವಾಗಿದ್ದಾನೆ, ಸುಮ್ನೆ ವರ್ಷವಿಡೀ ನುಂಗುತ್ತಾನೆ. ಎಲ್ಲಾ ರೋಗಕ್ಕೂ ಒಂದೇ ಮದ್ದು ಅಂದರೆ ನನಗೆ ಜಾತ್ರೆಯಲ್ಲಿ ಮೈಕ್ ಹಿಡಿದು ಬೇರು ಮಾರೋರ ನೆನಪಾಗುತ್ತೆ.

ಲೆಕ್ಕದ ಮೇಷ್ಟ್ರು

ನಿಮ್ಮ ಅನುಮಾನ ಸರಿ ಇದೆ. ಅಮೆರಿಕದಲ್ಲಿ ವೈಟಲ್ ಅನ್ನೋ ದೊಡ್ಡ ಪರೀಕ್ಷೆ ನಡೆಯಿತು. 25,871 ಜನ, ಎಲ್ಲರೂ 50 ದಾಟಿದವರು. ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ಡಿ3, ಉಳಿದವರಿಗೆ ಬರೀ ಹುಸಿ ಗುಳಿಗೆ. ಐದು ವರ್ಷದ ಮೇಲೆ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೊಸ ಕ್ಯಾನ್ಸರ್ ಕಡಿಮೆ ಆಗಲಿಲ್ಲ. 2022ರಲ್ಲಿ ಮೂಳೆ ಮುರಿತದ ಲೆಕ್ಕ ಹಾಕಿದರು, ಅದೂ ಕಡಿಮೆ ಆಗಿರಲಿಲ್ಲ. ದೇಹ ತನ್ನ ಮೇಲೇ ತಿರುಗಿ ಬೀಳೋ ಥರದ ರೋಗಗಳು, ಅಂದರೆ ಆಮವಾತದಂಥವು, ಸುಮಾರು ನೂರಕ್ಕೆ 22ರಷ್ಟು ಕಡಿಮೆ ಕಂಡವು. ಅದೊಂದು ಆಸೆ ಹುಟ್ಟಿಸೋ ಸುದ್ದಿ.

ಶುಗರ್ ಗಡಿಯಲ್ಲಿದ್ದವರಿಗೆ ದಿನಕ್ಕೆ 4,000 ಯೂನಿಟ್ ಕೊಟ್ಟು ನೋಡಿದ ಇನ್ನೊಂದು ಪರೀಕ್ಷೆ 2019ರಲ್ಲಿ ಬಂತು. ಅದರಲ್ಲೂ ಖಚಿತವಾಗಿ ಹೇಳೋ ಅಷ್ಟು ಲಾಭ ಕಾಣಲಿಲ್ಲ.

ಹಳೇ ಸ್ಟೆತಸ್ಕೋಪ್

ಮೇಷ್ಟ್ರ ಲೆಕ್ಕಕ್ಕೆ ಒಂದು ಸಾಲು ಸೇರಿಸಬೇಕು. ಆ ಪರೀಕ್ಷೆಯ ಬಹುತೇಕ ಜನಕ್ಕೆ ಮೊದಲೇ ಡಿ ಸಾಕಷ್ಟಿತ್ತು. ತುಂಬಿದ ಬಿಂದಿಗೆಗೆ ಇನ್ನಷ್ಟು ನೀರು ಹುಯ್ದರೆ ಚೆಲ್ಲುತ್ತೆ ಅಷ್ಟೇ. ಖಾಲಿ ಬಿಂದಿಗೆಯ ಕಥೆ ಬೇರೆ. 9 ಇರೋ ನಮ್ಮ ಪಾಸ್ ಪ್ಯಾಸೆಂಜರ್‌ಗೆ, 6 ಇರೋ ಬಸುರಿ ಹೆಣ್ಣುಮಗಳಿಗೆ ಅದನ್ನು ಓದಿ "ಡಿ ವೇಸ್ಟ್" ಅಂದುಬಿಡಬೇಡಿ. ಮಕ್ಕಳ ಕಾಲು ಬಾಗೋದು, ದೊಡ್ಡವರ ಮೂಳೆ ಮೆತ್ತಗಾಗೋದು, ಸ್ನಾಯು ಸೋಲೋದು, ಇವಕ್ಕೆ ಡಿ ಕೊಟ್ಟರೆ ವಾಸಿಯಾಗೋದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂದಲಿಗೆ ಅಂತ ಭಾವಮೈದ ನುಂಗೋದು ಅವರಿಷ್ಟ, ದುಡ್ಡು ಅವರದು.

ಸುಮ್ನೆ ಇರೋರೆಲ್ಲ ಪರೀಕ್ಷೆ ಮಾಡಿಸೋದೂ ಬೇಡ. ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಹಾಗೆ ಹೇಳಿದೆ. ಮೊದಲು 30 ಇರಬೇಕು ಅನ್ನುತ್ತಿದ್ದವರು ಆ ಗೆರೆಯನ್ನೂ ಕೈಬಿಟ್ಟರು. ನೋವಿದ್ದರೆ, ಮುರಿತ ಆಗಿದ್ದರೆ, ಫಿಟ್ಸ್ ಮಾತ್ರೆ ಅಥವಾ ಟಿಬಿ ಮಾತ್ರೆ ತಗೊಳ್ಳುತ್ತಿದ್ದರೆ ಪರೀಕ್ಷೆಗೆ ಅರ್ಥ ಇದೆ. ಆ ಮಾತ್ರೆಗಳು ಡಿಯನ್ನು ಬೇಗ ಖರ್ಚು ಮಾಡುತ್ತವೆ.

ಹೊಸಬ 562

ನನ್ನದು 48 ಬಂದಿದೆ, ಆದರೂ ರಿಪೋರ್ಟಲ್ಲಿ ಕಡಿಮೆ ಅಂತ ಇದೆ. ಇಲ್ಲಿ 9, 7 ಅಂತೆಲ್ಲ ಬರೆಯುತ್ತಿದ್ದೀರಿ. ನಾನು ಬದುಕಿದ್ದೀನಾ?

ಲೆಕ್ಕದ ಮೇಷ್ಟ್ರು

ಸಂಖ್ಯೆ ಪಕ್ಕ ಏನು ಬರೆದಿದೆ ನೋಡಿ. ನ್ಯಾನೊಮೋಲ್ ಅಂತ ಇದ್ದರೆ ಎರಡೂವರೆಯಿಂದ ಭಾಗಿಸಿ. 48 ಅಂದರೆ ನಮ್ಮ ನ್ಯಾನೊಗ್ರಾಂ ಲೆಕ್ಕದಲ್ಲಿ 19 ಚಿಲ್ಲರೆ. 20ರ ಗೆರೆಗೆ ಒಂಚೂರು ಕೆಳಗೆ ನಿಂತಿದ್ದೀರಿ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ದಿನ ಯೋಚಿಸಿದೆ.

ಹೋದ ವರ್ಷ ನಮ್ಮಪ್ಪನಿಗೆ ಇದೇ ಪುಡಿ ಬರೆದಿದ್ದರು. ಚೀಟಿಯಲ್ಲಿ ವಾರಕ್ಕೊಂದು ಅಂತಲೇ ಇತ್ತು, ಆದರೆ ಅಕ್ಷರ ದೇವರಿಗೇ ಪ್ರೀತಿ. ಔಷಧಿ ಅಂಗಡಿ ಹುಡುಗ ಕವರ್ ಮೇಲೆ ದಿನಕ್ಕೊಂದು ಅಂತ ಗೀಚಿ ಕೊಟ್ಟ. ಅಪ್ಪ ಶಿಸ್ತಿನ ಮನುಷ್ಯ. ದಿನಾ ರಾತ್ರಿ ಹಾಲಿಗೆ ಹಾಕಿ ಕುಡಿದರು. ಮುಗಿದಾಗ ಅದೇ ಕವರ್ ತೋರಿಸಿ ಮತ್ತೆ ತಂದರು. ಸುಮಾರು ಎರಡು ತಿಂಗಳು.

ಮೊದಲು ಬಾಯಾರಿಕೆ. ಬೇಸಿಗೆ ಅಲ್ವಾ ಅಂದುಕೊಂಡೆವು. ಆಮೇಲೆ ಊಟ ಸೇರದು, ವಾಂತಿ, ಮಲಬದ್ಧತೆ, ರಾತ್ರಿ ಹತ್ತು ಸಲ ಮೂತ್ರಕ್ಕೆ. ಶುಗರ್ ಅಂದುಕೊಂಡು ಪರೀಕ್ಷೆ ಮಾಡಿಸಿದರೆ ಶುಗರ್ ಸರಿ ಇದೆ. ಒಂದು ದಿನ ಬೆಳಗ್ಗೆ ನನ್ನ ಹೆಸರೇ ಮರೆತರು. ಆಸ್ಪತ್ರೆಗೆ ಸೇರಿಸಿದಾಗ ಕ್ಯಾಲ್ಸಿಯಂ ಮಿತಿ ಮೀರಿತ್ತು, ಕಿಡ್ನಿಗೂ ಪೆಟ್ಟು. ಆರು ದಿನ ಗ್ಲೂಕೋಸ್ ಬಾಟಲಿ ಮೇಲೆ ಬಾಟಲಿ. ಮನೆಗೆ ಬಂದ ಮೇಲೂ ಪೂರ್ತಿ ಸರಿಹೋಗೋಕೆ ತಿಂಗಳುಗಳು ಬೇಕಾದವು, ಅದು ಕೊಬ್ಬಿನಲ್ಲಿ ಕೂತಿರುತ್ತಂತೆ, ಬೇಗ ಬಿಡಲ್ಲ.

ಅಂಗಡಿಯವನ ಮೇಲೆ ಸಿಟ್ಟಿತ್ತು. ಆದರೆ ಕವರ್ ನಾನೂ ನೋಡಿದ್ದೆ. ಚೀಟಿ ತೆಗೆದು ಹೋಲಿಸಲಿಲ್ಲ.

ಹಳೇ ಸ್ಟೆತಸ್ಕೋಪ್

ಬರೆದದ್ದು ಒಳ್ಳೆಯದಾಯಿತು. ಇದು ನಿಮ್ಮ ಮನೆಯೊಂದರ ಕಥೆಯಲ್ಲ, ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಇಂಥ ಮೂವರನ್ನು ನೋಡಿದ್ದೇನೆ. ಡಾಕ್ಟರು ಹೇಳದೆ ನಾವೇ ತಗೊಳ್ಳೋದಾದರೆ ದಿನಕ್ಕೆ 4,000 ಯೂನಿಟ್ ಮೇಲಿನ ಮಿತಿ. ಒಂದು ಪೊಟ್ಟಣದಲ್ಲಿ ಅದರ ಹದಿನೈದರಷ್ಟಿದೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಪೊಟ್ಟಣಗಳನ್ನೆಲ್ಲ ಒಟ್ಟಿಗೆ ಅವರ ಕೈಗೆ ಕೊಡಬೇಡಿ. ಕ್ಯಾಲೆಂಡರಿನ ಭಾನುವಾರದ ಚೌಕಕ್ಕೆ ಒಂದೊಂದು ಪಿನ್ ಮಾಡಿ.

ಒಂದೇ ಸಲ ಆರು ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಹಾಕಿಸಿಕೊಂಡು ವರ್ಷದ ಚಿಂತೆ ಕಳೆಯಿತು ಅನ್ನೋರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ನುಂಗಿಸಿ ನೋಡಿದರು. 2010ರಲ್ಲಿ ಅದು ಪ್ರಕಟವಾಯಿತು. ಅವರು ಬೀಳೋದು, ಮೂಳೆ ಮುರಿಯೋದು ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು.

ಈಗ ಪಾವಗಡದ ಅಮ್ಮನ ವಿಷಯ. ತಾಯಿ, ಅವರ ಹಲ್ಲು ನೋಡಿದ್ದೀರಾ? ಹಳದಿ, ಕಂದು ಗೀರು ಇದೆಯಾ? ಬಗ್ಗಿ ಕಾಲ್ಬೆರಳು ಮುಟ್ಟೋಕೆ ಆಗುತ್ತಾ? ಗಲ್ಲ ಎದೆಗೆ ತಾಗುತ್ತಾ?

ಪಾಸ್ ಪ್ಯಾಸೆಂಜರ್

ಹಲ್ಲು ಹಾಗೇ ಇದೆ ಸಾರ್. ನಮ್ಮ ಬೀದಿಯಲ್ಲಿ ಎಲ್ಲರದೂ ಹಾಗೇ. ವೀಳ್ಯದೆಲೆ ಕಲೆ ಅಂದುಕೊಂಡಿದ್ದೆ. ಅಮ್ಮ ಎಲೆ ಹಾಕಲ್ಲ ಅನ್ನೋದು ಈಗ ಹೊಳೆಯುತ್ತಿದೆ. ಕತ್ತು ತಿರುಗಿಸೋಕೆ ಇಡೀ ಮೈ ತಿರುಗಿಸುತ್ತಾರೆ.

ಹಳೇ ಸ್ಟೆತಸ್ಕೋಪ್

ಅದೇ ನನ್ನ ಅನುಮಾನ. ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಬಿರುಸಾಗುತ್ತೆ, ಕೀಲು ಹಿಡಿಯುತ್ತೆ, ಬೆನ್ನು ಮರದ ಹಾಗೆ ಆಗುತ್ತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಮಂಡಿ ನೋವು, ಬೆನ್ನು ನೋವು. ಡಿ ಪುಡಿ ಕುಡಿದರೆ ಈ ಫ್ಲೋರೈಡ್ ರೋಗ, ಅಂದರೆ ಫ್ಲೋರೋಸಿಸ್, ವಾಸಿಯಾಗಲ್ಲ. ಎರಡೂ ಒಟ್ಟಿಗೆ ಇರಬಹುದು, ಆಗ ಇನ್ನೂ ಕಷ್ಟ. ಕ್ಯಾಲ್ಸಿಯಂ, ಡಿ ಕಡಿಮೆ ಇರೋ ಮಕ್ಕಳಿಗೆ ಫ್ಲೋರೈಡ್ ಹೆಚ್ಚು ಹಾನಿ ಮಾಡುತ್ತೆ.

ಎಕ್ಸ್‌ರೇ ತೆಗೆಸಿ. ಕಿಡ್ನಿ ನೋಡಿಸಿ. ಆಮೇಲೆ ಡಿ ಪರೀಕ್ಷೆ. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ.

ಪಾವಗಡ ಬಿಸಿಲು

ಅಕ್ಕಾ, ಪಂಚಾಯ್ತಿಯಲ್ಲಿ ನೀರು ಪರೀಕ್ಷೆ ಕಿಟ್ ಇರುತ್ತೆ, ಬಣ್ಣ ನೋಡಿ ಹೇಳುತ್ತಾರೆ. ಜಿಲ್ಲೆಯ ಲ್ಯಾಬಿಗೂ ಕಳಿಸಬಹುದು. ಮನೆ ಹತ್ತಿರ ಐದು ರೂಪಾಯಿ ಕಾಯಿನ್ ಹಾಕೋ ನೀರಿನ ಘಟಕ ಇದೆಯಾ? ಅಡುಗೆಗೂ ಅದೇ ಬಳಸೋಕೆ ಹೇಳಿ. ನಮ್ಮವರು ಕುಡಿಯೋಕೆ ಮಾತ್ರ ತರುತ್ತಾರೆ, ಮುದ್ದೆ ಎಸರು ಬೋರ್‌ ನೀರಿಂದು.

ಮುಳಬಾಗಿಲು ದೋಸೆ

ನೀರು ಅಂದ ಮೇಲೆ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡೋ ಕೆ.ಸಿ. ವ್ಯಾಲಿ ಯೋಜನೆ ಬಗ್ಗೆ ಹೇಳಲೇಬೇಕು. ಬೆಂಗಳೂರಿನವರು ನಮಗೆ...

ನಿರ್ವಾಹಕ

ಅದಕ್ಕೆ ಬೇರೆ ಚರ್ಚೆ ಇದೆ. 400 ಉತ್ತರ ದಾಟಿದೆ. ಅಲ್ಲಿಗೆ ಹೋಗಿ.

ಪಾಸ್ ಪ್ಯಾಸೆಂಜರ್ · ಹನ್ನೊಂದು ವಾರದ ನಂತರ

ಮರೆತಿದ್ದೀನಿ ಅಂದುಕೊಂಡಿರಾ?

ಎಂಟು ಪೊಟ್ಟಣ ಮುಗಿಯಿತು, ಕ್ಯಾಲೆಂಡರಿಗೆ ಪಿನ್ ಮಾಡಿಯೇ. ಮೊನ್ನೆ ಪರೀಕ್ಷೆ ಮಾಡಿಸಿದೆ, 31. ಯಶವಂತಪುರದ ಮೆಟ್ಟಿಲು ಈಗ ಕಂಬಿ ಮುಟ್ಟದೆ ಹತ್ತುತ್ತೇನೆ. ಸೊಂಟ ನೋವು ಪೂರ್ತಿ ಹೋಗಿಲ್ಲ, ಅದು ಕುರ್ಚಿಯ ಪ್ರಸಾದ ಅಂದರು ಡಾಕ್ಟರು. ಊಟದ ಡಬ್ಬಿ ಹಿಡಿದುಕೊಂಡು ಆಫೀಸಿನ ಹಿಂದಿನ ಪಾರ್ಕಿಂಗಲ್ಲಿ ಬಿಸಿಲಿಗೆ ಕೂರುತ್ತೇನೆ. ಮೊದಲು ಸೆಕ್ಯೂರಿಟಿಯವರು "ಮೇಡಂ, ಒಳಗೆ ಜಗಳ ಆಯ್ತಾ" ಅಂತ ಕೇಳಿದರು. ಈಗ ಅವರೇ ಕುರ್ಚಿ ಹಾಕಿರುತ್ತಾರೆ.

ಅಮ್ಮನ ಎಕ್ಸ್‌ರೇ ನೋಡಿ ಡಾಕ್ಟರು ಫ್ಲೋರೋಸಿಸ್ ಅಂತಲೇ ಹೇಳಿದರು. ಡಿ ಕೂಡ ಕಡಿಮೆ ಇತ್ತು, 16. ದಿನಕ್ಕೆ ಸಣ್ಣ ಪ್ರಮಾಣದ ಮಾತ್ರೆ ಕೊಟ್ಟಿದ್ದಾರೆ. ದೊಡ್ಡ ಪೊಟ್ಟಣ ಬೇಡ ಅಂದರು. ಈಗ ಮುದ್ದೆ ಎಸರಿಗೂ ಘಟಕದ ನೀರೇ. ಅಮ್ಮ ಮಾತ್ರ "ಆ ನೀರಲ್ಲಿ ಮುದ್ದೆಗೆ ರುಚೀನೇ ಇಲ್ಲ" ಅಂತ ದಿನಾ ಫೋನಲ್ಲಿ ಬಯ್ಯುತ್ತಾರೆ.

ಶಿಡ್ಲಘಟ್ಟ ಚರಕ

ನಾದಿನಿಗೆ ಹೆಣ್ಣುಮಗು ಆಯಿತು. ಮೂರು ಕೆಜಿ. ಹನಿ ಹಾಕುತ್ತಿದ್ದೇವೆ. ಸೀಸೆ ಮೇಲೆ ಬರೆದದ್ದನ್ನು ಓದಿಯೇ ಹಾಕುತ್ತಿದ್ದೇವೆ ಸಾರ್.

ಪಾವಗಡ ಬಿಸಿಲು

ಅಕ್ಕಾ, ನಿಮ್ಮೂರ ಬೋರ್‌ ನೀರಿನ ರಿಪೋರ್ಟ್ ಬಂತಾ?

ಪಾಸ್ ಪ್ಯಾಸೆಂಜರ್

ಪಂಚಾಯ್ತಿ ಕಿಟ್ಟಿನಲ್ಲಿ ಮಿತಿಗಿಂತ ಜಾಸ್ತಿ ಅಂತ ಬಣ್ಣ ತೋರಿಸಿತು. ಎಷ್ಟು ಅಂತ ಗೊತ್ತಾಗೋಕೆ ಜಿಲ್ಲೆಗೆ ಕಳಿಸಿದ್ದೇವೆ. ಇನ್ನೂ ಬಂದಿಲ್ಲ. ಶನಿವಾರ ಊರಿಗೆ ಹೋಗುತ್ತೇನೆ, ಈ ಸಲ ಬೀದಿಯ ಮಕ್ಕಳ ಹಲ್ಲನ್ನೂ ನೋಡಿಕೊಂಡು ಬರುತ್ತೇನೆ.